ಗಣಿಯವನು ಹೆಡ್ಡನಲ್ಲ, ಸ್ವಾಮೀ!



ಈಚೆಗೆ ನಮ್ಮ ನಡುವೆ ಒಂದು ಮಾತು ಬಹಳ ಅಗ್ಗವಾಗಿ ಓಡಾಡುತ್ತಿದೆ. ಬಡವನಿಗೆ ಬುದ್ಧಿಯಿಲ್ಲವಂತೆ, ಅದಕ್ಕೇ ಅವನು ತನ್ನ ಹೊಟ್ಟೆಯ ಮೇಲೆ ಹೊಡೆಯುವವನಿಗೇ ಮತ ಹಾಕುತ್ತಾನಂತೆ! ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡವರೂ ಇದನ್ನು ಹೇಳುತ್ತಾರೆ. ಒಂದು ಇಡ್ಲಿಗೆ ಮೂರು ಸಲ ಸಾಂಬಾರು ತರಿಸಿಕೊಂಡು ಗಂಟೆಗಟ್ಟಲೆ ಮೇಜು ಬಿಡದ ಪಂಡಿತರೂ ಹೇಳುತ್ತಾರೆ. ಸಾಕ್ಷಿ ಕೇಳಿದರೆ ಬೆರಳು ಅಮೇರಿಕದ ಕಡೆಗೆ ಹೋಗುತ್ತದೆ. “ನೋಡಿ, ಅಲ್ಲಿಯ ಹಳ್ಳಿಗಾಡಿನ ಗಣಿ ಕೆಲಸಗಾರರು ಕೂಡ ಕೋಟ್ಯಧೀಶನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಓದಿದ ದೇಶದ ಕೂಲಿಕಾರನೇ ಹೀಗೆಂದ ಮೇಲೆ ನಮ್ಮ ಮಾಣಿಗಳ ಪಾಡೇನು?”

ಈ ಮಾತನ್ನು ನಾವು ಸುಮ್ಮನೆ ಕೇಳಿಕೊಂಡು ಕಪ್ಪು ಬಸಿ ಎತ್ತಿಕೊಂಡು ಹೋಗತಕ್ಕವರಲ್ಲ. ಏಕೆಂದರೆ ಇದು ಅಮೇರಿಕದವರ ಮೇಲೆ ಹೊರಿಸಿದ ಅಪವಾದವಾದರೂ ಬಂದು ಬೀಳುವುದು ನಮ್ಮ ತಲೆಯ ಮೇಲೆ. ಬಡವ ಹೆಡ್ಡನೆಂದು ಒಮ್ಮೆ ಒಪ್ಪಿಕೊಂಡರೆ ಮುಂದಿನ ಮಾತು ತಾನಾಗಿ ಬರುತ್ತದೆ: “ಹೆಡ್ಡನ ಮತವನ್ನು ಬುದ್ಧಿವಂತರು ಕಟ್ಟುಕಟ್ಟಿ ಎಲ್ಲಿ ಹಾಕಬೇಕೋ ಅಲ್ಲಿ ಹಾಕಿಸಬೇಕು.” ಆ ಬುದ್ಧಿವಂತರು ಯಾರು, ಆ ಕಟ್ಟಿಗೆ ಬೆಲೆ ಎಷ್ಟು ಎಂಬುದನ್ನು ಕೊನೆಗೆ ಹೇಳುತ್ತೇವೆ. ಮೊದಲು ಆ ಗಣಿಯವರ ಲೆಕ್ಕ ನೋಡಿ ಬರೋಣ. ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಏಳನೆಯದರವರೆಗೆ. ಆದರೂ ಗಲ್ಲೆಯ ಲೆಕ್ಕ ಹಾಕಬಲ್ಲವರಿಗೆ ಮತದ ಲೆಕ್ಕ ಹಾಕುವುದು ಕಷ್ಟವಲ್ಲ.

ಅಮೇರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ತೆಂಕಣ ತುದಿಯಲ್ಲಿ ಮ್ಯಾಕ್‌ಡೊವೆಲ್ ಎಂಬ ಕೌಂಟಿ ಇದೆ. ಕೌಂಟಿಯೆಂದರೆ ನಮ್ಮ ಕಡೆಯ ಒಂದು ತಾಲೂಕು ಎಂದಿಟ್ಟುಕೊಳ್ಳಿ. ವೆಲ್ಚ್ ಅದರ ಕಸಬೆಯ ಊರು. ನಮ್ಮ ಘಟ್ಟದ ಸೀಮೆಯ ಹಾಗೆ ಎಲ್ಲೆಲ್ಲೂ ಬೆಟ್ಟ, ಬೆಟ್ಟದ ಸಂದಿಗೊಂದು ಹೊಳೆ, ಹೊಳೆಯ ಪಕ್ಕಕ್ಕೆ ರೈಲು, ರೈಲಿನ ಪಕ್ಕಕ್ಕೆ ಸಾಲುಮನೆ. 19ನೆಯ ಶತಮಾನದ ಕೊನೆಗೆ ರೈಲು ಬಂದದ್ದೇ ಬೆಟ್ಟದ ಹೊಟ್ಟೆಯಲ್ಲಿದ್ದ ಕಲ್ಲಿದ್ದಲಿಗಾಗಿ. ಆ ಇದ್ದಿಲಿನಿಂದಲೇ ದೇಶದ ಉಕ್ಕಿನ ಕುಲುಮೆಗಳು ಉರಿದವು. ಅದನ್ನು ಅಗೆಯಲು ಬಂದವರು ಯಾರು? ದಕ್ಷಿಣದ ಹತ್ತಿ ಹೊಲ ಬಿಟ್ಟು ಬಂದ ಕರಿಯರು, ಇಟಲಿಯವರು, ಹಂಗೇರಿಯವರು, ಪೋಲೆಂಡಿನವರು, ಅದೇ ಬೆಟ್ಟದ ಬಡ ಬಿಳಿಯ ರೈತರು. ಊರಿನಲ್ಲಿ ಗೇಣಿ ಕಟ್ಟಲಾರದೆ ಬೋಟು ಹತ್ತಿ ಮುಂಬಯಿಗೆ ಬಂದ ನಮ್ಮ ಹಿರಿಯರ ಹಾಗೆಯೇ ಅನ್ನಿ.

ಮನೆ ಕಂಪನಿಯದು, ಅಂಗಡಿ ಕಂಪನಿಯದು, ವೈದ್ಯ ಕಂಪನಿಯವನು. ಕೂಲಿಯ ಮುಂಗಡವನ್ನು ಸರಕಾರದ ನಾಣ್ಯದಲ್ಲಿ ಕೊಡದೆ ಕಂಪನಿ ತನ್ನ ಮುದ್ರೆಯ ಬಿಲ್ಲೆಗಳಲ್ಲಿ ಕೊಡುತ್ತಿತ್ತು. ಆ ಬಿಲ್ಲೆ ನಡೆಯುವುದು ಕಂಪನಿಯ ಅಂಗಡಿಯಲ್ಲಿ ಮಾತ್ರ. ಊಟ, ವಸತಿ, ಬಿಡಿ ಖರ್ಚು ಎಲ್ಲವನ್ನೂ ಧಣಿಯ ಪುಸ್ತಕದಲ್ಲಿ ಬರೆಸಿ ವರ್ಷದ ಕೊನೆಗೆ ಧಣಿಗೇ ಬಾಕಿಯಾಗಿ ನಿಂತ ಹೋಟೆಲ್ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಆ ಕಾಲದಲ್ಲಿ ಈ ಕೌಂಟಿಯ ಮತ ರಿಪಬ್ಲಿಕನ್ ಪಕ್ಷಕ್ಕೆ. ಗುಲಾಮಗಿರಿಯನ್ನು ತೆಗೆದ ಲಿಂಕನ್ನನ ಪಕ್ಷ ಅದು. ಕರಿಯರಿಗೆ ಅದರ ಮೇಲೆ ಋಣಭಾರವಿತ್ತು. ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಮತದ ಪೆಟ್ಟಿಗೆಯ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ. ವೆಸ್ಟ್ ವರ್ಜೀನಿಯಾದಲ್ಲಿ ಅವರು ಮತ ಹಾಕುತ್ತಿದ್ದರು. ಕಂಪನಿಯ ಧಣಿಗಳಿಗೂ ಅದೇ ಪಕ್ಷ ಬೇಕಾಗಿತ್ತು. ಹೀಗೆ ಆಳಿಗೂ ಧಣಿಗೂ ಬೇರೆ ಬೇರೆ ಕಾರಣಕ್ಕೆ ಒಂದೇ ಪಕ್ಷ. ಅಂದೂ ಅವರು ಹೆಡ್ಡರಾಗಿರಲಿಲ್ಲ ಎಂಬುದನ್ನು ಗಮನಿಸಿ.

ಸಂಘ ಕಟ್ಟಲು ಹೊರಟವನ ಗತಿ ಏನಾಗುತ್ತಿತ್ತೆಂಬುದಕ್ಕೆ ವೆಲ್ಚ್ ಊರಿನ ನ್ಯಾಯಾಲಯದ ಮೆಟ್ಟಿಲುಗಳೇ ಸಾಕ್ಷಿ. 1921ರ ಆಗಸ್ಟ್ 1ರಂದು ಸಿಡ್ ಹ್ಯಾಟ್‌ಫೀಲ್ಡ್ ಎಂಬ ಪೋಲೀಸು ಅಧಿಕಾರಿ ತನ್ನ ಮಿತ್ರ ಎಡ್ ಚೇಂಬರ್ಸ್‌ನೊಡನೆ ವಿಚಾರಣೆಗೆಂದು ಆ ಮೆಟ್ಟಿಲು ಹತ್ತುತ್ತಿದ್ದ. ಪಕ್ಕದ ಮೇಟ್‌ವಾನ್ ಊರಿನಲ್ಲಿ ಕಂಪನಿಯ ಬಾಡಿಗೆ ಕಾವಲುಗಾರರನ್ನು ಎದುರಿಸಿ ಗಣಿಯವರ ಪಕ್ಷ ವಹಿಸಿದವನು ಅವನು. ಆ ಕಾವಲು ಸಂಸ್ಥೆಯವರೇ ಹಾಡುಹಗಲಲ್ಲಿ ಇಬ್ಬರನ್ನೂ ಗುಂಡಿಟ್ಟು ಕೊಂದರು. ಶಿಕ್ಷೆಯಾದದ್ದು ಯಾರಿಗೂ ಇಲ್ಲ. ಅದೇ ತಿಂಗಳ ಕೊನೆಗೆ ಸುಮಾರು ಹತ್ತು ಸಾವಿರ ಗಣಿ ಕೆಲಸಗಾರರು ಬಂದೂಕು ಹಿಡಿದು ಬ್ಲೇರ್ ಪರ್ವತದ ಕಡೆಗೆ ನಡೆದರು. ಕೇಂದ್ರ ಸರಕಾರ ಸೈನ್ಯ ಕಳುಹಿಸಿತು, ದಂಡಯಾತ್ರೆ ಮುರಿಯಿತು, ಮುಂದೆ ಹತ್ತು ವರ್ಷ ಆ ಸೀಮೆಯಲ್ಲಿ ಸಂಘದ ಹೆಸರೆತ್ತುವುದು ದುಸ್ತರವಾಯಿತು.

ಇದು ತಿರುಗಿದ್ದು ರೂಸ್ವೆಲ್ಟರ ಕಾಲಕ್ಕೆ. 1933ರ ಜೂನಿನಲ್ಲಿ ಬಂದ ಕಾನೂನು ಕೆಲಸಗಾರರಿಗೆ ಸಂಘ ಕಟ್ಟುವ ಹಕ್ಕುಂಟು ಎಂದಿತು. ಅಷ್ಟು ಸಾಕಾಯಿತು. ಗಣಿ ಕೆಲಸಗಾರರ ಸಂಯುಕ್ತ ಸಂಘದವರು ಕೆಲವೇ ತಿಂಗಳಲ್ಲಿ ಆ ಬೆಟ್ಟಗಳನ್ನೆಲ್ಲ ಸುತ್ತಿ ಸದಸ್ಯರನ್ನು ಮಾಡಿಕೊಂಡರು. ಬಿಲ್ಲೆಯ ಮುಂಗಡ, ಕಾವಲುಗಾರರ ಕೋವಿ ಹಿಮ್ಮೆಟ್ಟಿದವು. ಅಂದಿನಿಂದ ಕೌಂಟಿಯ ಮತ ಡೆಮಾಕ್ರಾಟಿಕ್ ಪಕ್ಷಕ್ಕೆ ಹೋಯಿತು. ಲಿಂಕನ್ನನ ಋಣ ಹಿಡಿದಿದ್ದ ಕರಿಯರೂ ಆ ಕಾಲಕ್ಕೇ ತಿರುಗಿದರು.

ಇಲ್ಲಿ ಒಂದು ಸಂಗತಿಯನ್ನು ನಮ್ಮ ವೇದಿಕೆಯ ಮುಖಂಡರು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಬೇಕು. ಆ ಗಣಿ ಸಂಘದ ಅಧ್ಯಕ್ಷ ಜಾನ್ ಎಲ್. ಲೂಯಿಸ್. ಹುಬ್ಬು ಗಂಟಿಕ್ಕಿದರೆ ಉಕ್ಕಿನ ಧಣಿಗಳೇ ನಡುಗುತ್ತಿದ್ದರು, ಅಂಥ ಆಸಾಮಿ. ಅವನಿಗೂ ರೂಸ್ವೆಲ್ಟರಿಗೂ ಮನಸ್ಸು ಕೆಟ್ಟಿತು. 1940ರ ಚುನಾವಣೆಗೆ ಮುನ್ನ ಆತ ರೇಡಿಯೋದಲ್ಲಿ ಮಾತಾಡಿ, ರಿಪಬ್ಲಿಕನ್ ಅಭ್ಯರ್ಥಿ ವಿಲ್ಕಿಗೆ ಮತ ಕೊಡಿರಿ, ರೂಸ್ವೆಲ್ಟರು ಗೆದ್ದರೆ ನಾನು ಕಾರ್ಮಿಕ ಒಕ್ಕೂಟದ ಅಧ್ಯಕ್ಷತೆ ಬಿಡುತ್ತೇನೆ ಎಂದ. ಗಣಿಯವರು ಏನು ಮಾಡಿದರು? ವೆಸ್ಟ್ ವರ್ಜೀನಿಯಾ ರೂಸ್ವೆಲ್ಟರನ್ನೇ ಗೆಲ್ಲಿಸಿತು. ಲೂಯಿಸ್ ಕೊಟ್ಟ ಮಾತಿನಂತೆ ಒಕ್ಕೂಟದ ಕುರ್ಚಿ ಬಿಟ್ಟ. ಗಣಿ ಸಂಘದ ಕುರ್ಚಿಯನ್ನು ಮಾತ್ರ ಬಿಡಲಿಲ್ಲ, ಅದರಲ್ಲಿ 1960ರವರೆಗೆ ಕುಳಿತಿದ್ದ. ಕೆಲಸಗಾರರೂ ಅವನನ್ನು ಬಿಡಲಿಲ್ಲ. ಕೂಲಿಗೆ ಅವನ ಮಾತು ಕೇಳಿದರು, ಮತಕ್ಕೆ ತಮ್ಮ ಮಾತು ಕೇಳಿಕೊಂಡರು. ಸಂಘ ಬಲವಾಗಿದ್ದ ಕಾಲದಲ್ಲೇ ಮತ ಮುಖಂಡನ ಜೇಬಿನಲ್ಲಿರಲಿಲ್ಲ, ತಿಳಿಯಿತೆ?

ಹಾಗಾದರೆ ಮತ ಎಲ್ಲಿತ್ತು? ಊರೂರಿನ ಸಂಘದ ಕೋಣೆಯಲ್ಲಿತ್ತು. ಗಣಿಯಲ್ಲಿ ಕೈ ಮುರಿದವನು ಬರುತ್ತಿದ್ದದ್ದು ಅಲ್ಲಿಗೆ, ವಿಧವೆ ಪರಿಹಾರದ ಕಾಗದ ಬರೆಸುತ್ತಿದ್ದದ್ದು ಅಲ್ಲಿ. 1946ರಲ್ಲಿ ಲೂಯಿಸ್ ಸರಕಾರದೊಡನೆ ಜಗಳಾಡಿ ಒಂದು ಕ್ಷೇಮನಿಧಿ ಕಟ್ಟಿಸಿದ. ತೆಗೆದ ಪ್ರತಿ ಟನ್ನು ಇದ್ದಿಲಿಗೆ ಧಣಿ 5 ಸೆಂಟು ನಿಧಿಗೆ ಹಾಕಬೇಕು. 1952ರ ಹೊತ್ತಿಗೆ ಅದು 40 ಸೆಂಟು ಆಯಿತು. ಆ ಹಣದಿಂದ ಪಿಂಚಣಿ, ಆಸ್ಪತ್ರೆಯ ಖರ್ಚು. ಮುಂದೆ ಆ ಬೆಟ್ಟದ ಸೀಮೆಯಲ್ಲಿ ಸಂಘದ್ದೇ ಹತ್ತು ಆಸ್ಪತ್ರೆಗಳು ಎದ್ದವು. ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಕೆಮ್ಮು ದಿನಾ ಬರುತ್ತದೆ. ಕೆಮ್ಮಿಗೆ ಔಷಧ ಕೊಡಿಸಿದವನು ಹೇಳಿದ ಹೆಸರನ್ನು ಜನ ಮತದ ದಿನ ಮರೆಯುವುದಿಲ್ಲ.

ಆದರೆ ಲೂಯಿಸ್ ಇದಕ್ಕೆ ಬೆಲೆ ತೆತ್ತ. 1950ರಲ್ಲಿ ದೊಡ್ಡ ಧಣಿಗಳೊಡನೆ ಒಪ್ಪಂದವಾಯಿತು. ನೀವು ಯಂತ್ರ ತನ್ನಿ, ನಾವು ಅಡ್ಡ ಬರುವುದಿಲ್ಲ, ಉಳಿದವರಿಗೆ ಒಳ್ಳೆಯ ಕೂಲಿ ಕೊಡಿ, ನಿಧಿಗೆ ಹಣ ಹಾಕಿ ಎಂಬುದು ಅದರ ತಿರುಳು. ಉಳಿದವರಿಗೆ ಒಳ್ಳೆಯದಾಯಿತು. ಉಳಿಯದವರು? ದೇಶದಲ್ಲಿ 1950ರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚಿದ್ದ ಇದ್ದಿಲು ಗಣಿ ಕೆಲಸಗಾರರು 1960ರ ದಶಕದ ಕೊನೆಗೆ ಒಂದೂವರೆ ಲಕ್ಷವೂ ಇರಲಿಲ್ಲ. ಮ್ಯಾಕ್‌ಡೊವೆಲ್ ಕೌಂಟಿಯ ಜನಗಣತಿ ನೋಡಿ: 1950ರಲ್ಲಿ 98,887 ಜನ, 1960ರಲ್ಲಿ 71,359, 1970ರಲ್ಲಿ 50,666. ಇಪ್ಪತ್ತು ವರ್ಷದಲ್ಲಿ ಅರ್ಧ ಊರು ಗಂಟು ಕಟ್ಟಿತು. ಅದಕ್ಕಿಂತ ಕ್ರೂರವಾದದ್ದು ಇನ್ನೊಂದು. ಹಣ ಸಾಲದೆಂದು 1960ರ ದಶಕದ ಆರಂಭದಲ್ಲಿ ಕ್ಷೇಮನಿಧಿಯವರು, ಕೆಲಸ ಹೋಗಿ ವರ್ಷವಾದವರ ಆಸ್ಪತ್ರೆ ಕಾರ್ಡುಗಳನ್ನು ಹಿಂದಕ್ಕೆ ತೆಗೆದುಕೊಂಡರು, ಆಸ್ಪತ್ರೆಗಳನ್ನು ಮಾರಿದರು. ಸಂಘವೇ ತನ್ನವನ ಕೈಯಿಂದ ಔಷಧದ ಚೀಟಿ ಕಿತ್ತುಕೊಂಡ ಮೇಲೆ ಮುಂದೆ ಅವನ ಮಗ ಸಂಘದ ಮಾತಿಗೆ ಕಿವಿ ಏಕೆ ಕೊಡಬೇಕು?

ಆದರೂ ಕೊಟ್ಟರು, ಅನೇಕ ವರ್ಷ ಕೊಟ್ಟರು, ಇದು ನೆನಪಿಡತಕ್ಕದ್ದು. 1960ರ ವಸಂತದಲ್ಲಿ ಕೆನೆಡಿ ಈ ಬೆಟ್ಟಗಳಿಗೆ ಬಂದು, ಹಂಫ್ರಿಯ ಎದುರು ಪಕ್ಷದೊಳಗಿನ ಚುನಾವಣೆಗಾಗಿ ಗಣಿ ಬಾಗಿಲುಗಳಲ್ಲಿ ನಿಂತು ಕೈಕುಲುಕಿದ. ಹಸಿವನ್ನು ಕಣ್ಣಾರೆ ಕಂಡ. ಗೆದ್ದು ಅಧಿಕಾರಕ್ಕೆ ಬಂದ ಮಾರನೆಯ ದಿನವೇ, 1961ರ ಜನವರಿ 21ರಂದು, ಬಡವರಿಗೆ ಹಂಚುವ ಧಾನ್ಯವನ್ನು ಹೆಚ್ಚಿಸಲು ಆಜ್ಞೆ ಹೊರಡಿಸಿದ. ಅದೇ ವರ್ಷ ಮೇ 29ರಂದು ವೆಲ್ಚ್ ಊರಿನಲ್ಲಿ, ಮನೆ ತುಂಬ ಮಕ್ಕಳಿದ್ದ ಕೆಲಸವಿಲ್ಲದ ಗಣಿಗಾರನೊಬ್ಬನ ಕುಟುಂಬಕ್ಕೆ, ಆ ಹೊಸ ಯೋಜನೆಯ ಮೊದಲ ಆಹಾರ ಚೀಟಿಗಳನ್ನು ದೇಶದ ಕೃಷಿ ಮಂತ್ರಿಯೇ ಬಂದು ಕೊಟ್ಟ. ಹಸಿದವನಿಗೆ ಅನ್ನ ಕೊಟ್ಟದ್ದನ್ನು ನಾವು ಹೀಗಳೆಯುವುದಿಲ್ಲ. ಆದರೆ ಒಂದನ್ನು ಹೇಳದೆ ಬಿಡಲಾರೆವು: 1933ರಲ್ಲಿ ಆ ಪಕ್ಷ ಗಣಿಯವನ ಕೈಗೆ ಹಕ್ಕು ಕೊಟ್ಟಿತ್ತು, 1961ರಲ್ಲಿ ಚೀಟಿ ಕೊಟ್ಟಿತು. ಹಕ್ಕಿನವನು ಸರದಾರನಂತೆ ನಿಲ್ಲುತ್ತಾನೆ, ಚೀಟಿಯವನು ಸಾಲಿನಲ್ಲಿ ನಿಲ್ಲುತ್ತಾನೆ. ರೇಶನ್ ಅಂಗಡಿಯ ಮುಂದೆ ನಿಂತು ಬಂದ ನಮ್ಮ ತಾಯಂದಿರನ್ನು ಕೇಳಿ, ಈ ಎರಡರ ಅಂತರ ಅವರು ಹೇಳುತ್ತಾರೆ.

ಮುಂದಿನ ಕಾಲವನ್ನು ಬೇಗ ದಾಟೋಣ. 1968ರ ನವೆಂಬರಿನಲ್ಲಿ ಅದೇ ರಾಜ್ಯದ ಫಾರ್ಮಿಂಗ್‌ಟನ್ ಗಣಿ ಸಿಡಿದು 78 ಜನ ಸತ್ತರು. ಕರಿ ಧೂಳು ತಿಂದು ಪುಪ್ಪುಸ ಸತ್ತವರಿಗೆ ಪರಿಹಾರ ಬೇಕೆಂದು 1969ರ ಆರಂಭದಲ್ಲಿ ಸಾವಿರಾರು ಗಣಿಯವರು ಮುಷ್ಕರ ಹೂಡಿದರು. ಸಂಘದ ಅಪ್ಪಣೆಯಿಂದಲ್ಲ, ಸಂಘದ ಅಪ್ಪಣೆಯನ್ನು ಮೀರಿ! ಆಗಿನ ಸಂಘದ ಅಧ್ಯಕ್ಷ ಟೋನಿ ಬಾಯ್ಲ್ ಎಂಥವನೆಂದರೆ, ತನಗೆದುರಾಗಿ ಚುನಾವಣೆಗೆ ನಿಂತ ಯಾಬ್ಲಾನ್ಸ್‌ಕಿಯನ್ನು, ಅವನ ಹೆಂಡತಿ ಮಗಳ ಸಮೇತ, 1969ರ ಕೊನೆಯ ದಿನ ಕೊಲ್ಲಿಸಿದ. 1974ರಲ್ಲಿ ಅದಕ್ಕಾಗಿ ಅಪರಾಧಿಯೆಂದು ತೀರ್ಪಾಯಿತು. ಸಂಘವೆಂದರೆ ದೇವಸ್ಥಾನವೆಂದು ನಾವು ಹೇಳುತ್ತಿಲ್ಲ, ಇದಕ್ಕೇ ಈ ಕಥೆ ಹೇಳಿದೆವು. 1972ರಲ್ಲಿ ಕೌಂಟಿ ಒಮ್ಮೆ ರಿಪಬ್ಲಿಕನ್ ನಿಕ್ಸನ್ನನ ಕಡೆಗೆ ಹೋಯಿತು. ಆ ವರ್ಷ ಇಡೀ ರಾಜ್ಯದಲ್ಲಿ ಒಂದೇ ಒಂದು ಕೌಂಟಿ ಮೆಕ್‌ಗವರ್ನ್‌ನಿಗೆ ಉಳಿಯಿತು. ಮತ್ತೆ ಮರಳಿ ಬಂದರು. 1984ರಲ್ಲಿ ರೇಗನ್ನನ ಗಾಳಿ ಐವತ್ತರಲ್ಲಿ ನಲವತ್ತೊಂಬತ್ತು ರಾಜ್ಯಗಳನ್ನು ಹಾರಿಸಿಕೊಂಡು ಹೋದಾಗಲೂ ಈ ಗಣಿಯ ತಾಲೂಕು ಮಾಂಡೇಲ್‌ನ ಪಕ್ಕದಲ್ಲಿ ನಿಂತಿತು. ಇವರನ್ನು ಗಾಳಿಪಟವೆಂದು ಕರೆಯುವವರು ಮೊದಲು ತಾವು ಎಷ್ಟು ಗಾಳಿಗೆ ನಿಂತಿದ್ದೇವೆಂದು ಎಣಿಸಿಕೊಳ್ಳಲಿ.

ಆ 1980ರ ದಶಕದಲ್ಲೇ ಉಕ್ಕಿನ ಧಂದೆ ಕುಸಿಯಿತು. ಗ್ಯಾರಿ ಎಂಬಲ್ಲಿದ್ದ ಯು.ಎಸ್. ಸ್ಟೀಲ್ ಕಂಪನಿಯ ಗಣಿಗಳು ಮುಚ್ಚಿದವು. 1980ರಲ್ಲಿ 49,899 ಇದ್ದ ಜನ 1990ಕ್ಕೆ 35,233. ಗಣಿ ಮುಚ್ಚಿದರೆ ಕೂಲಿ ಮಾತ್ರ ಹೋಗುವುದಿಲ್ಲ. ಸಂಘದ ಕೋಣೆಗೆ ಬೀಗ ಬೀಳುತ್ತದೆ, ಅಂಗಡಿ ಮುಚ್ಚುತ್ತದೆ, ಶಾಲೆಗಳು ಒಂದಾಗುತ್ತವೆ, ಎಳೆಯರು ಬಸ್ಸು ಹತ್ತುತ್ತಾರೆ. ಉಳಿಯುವವರು ಮುದುಕರು, ರೋಗಿಗಳು. 2001ರಲ್ಲಿ, 2002ರಲ್ಲಿ ಎರಡು ಮಹಾಪೂರಗಳು ಬಂದು ಉಳಿದ ಮನೆಗಳನ್ನೂ ಕೆಡಿಸಿದವು. ನೋವಿನ ಮಾತ್ರೆಯೆಂದು ಬಂದ ಅಫೀಮಿನ ಗುಳಿಗೆ ಮನೆಮನೆ ಹೊಕ್ಕಿತು. 2010ರ ಲೆಕ್ಕದಂತೆ ಅಲ್ಲಿಯ ಗಂಡಸಿನ ಸರಾಸರಿ ಆಯುಷ್ಯ ಸುಮಾರು 64 ವರ್ಷ. ಅದು ಜಗತ್ತಿನ ಅತಿ ಶ್ರೀಮಂತ ದೇಶದ ಮಾತು, ಮರೆಯಬೇಡಿ.

ಈಗ ಮತದ ಅಂಕಿಗಳು. 2004ರಲ್ಲಿ ಡೆಮಾಕ್ರಾಟಿಕ್ ಅಭ್ಯರ್ಥಿ ಕೆರಿಗೆ ನೂರಕ್ಕೆ 60ಕ್ಕೂ ಮೇಲೆ. 2008ರಲ್ಲಿ ಒಬಾಮನಿಗೆ ನೂರಕ್ಕೆ 53. 2012ರಲ್ಲಿ ಅದೇ ಒಬಾಮನ ಎದುರು ರೋಮ್ನಿಗೆ ಸುಮಾರು 64. 2016ರಲ್ಲಿ ಟ್ರಂಪ್‌ಗೆ ಸುಮಾರು 74. ಮುಂದಿನ ಎರಡು ಚುನಾವಣೆಗಳಲ್ಲಿ, 2020 ಮತ್ತು 2024ರಲ್ಲಿ, ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಅವನಿಗೇ.

ಬಣ್ಣದ ದ್ವೇಷದಿಂದ ತಿರುಗಿದರು ಎನ್ನುವವರಿದ್ದಾರೆ. ಬಣ್ಣದ ದ್ವೇಷ ಅಲ್ಲಿಲ್ಲವೆಂದು ಹೇಳಲು ನಾವು ಸಿದ್ಧರಿಲ್ಲ. ಜಾತಿಯನ್ನು ಕಂಡ ನಮಗೆ ಅದರ ಬೇರು ಎಷ್ಟು ಆಳವೆಂದು ಗೊತ್ತು. 2012ರ ಮೇ ತಿಂಗಳಲ್ಲಿ ಆ ರಾಜ್ಯದ ಡೆಮಾಕ್ರಾಟಿಕ್ ಪಕ್ಷದೊಳಗಿನ ಚುನಾವಣೆಯಲ್ಲಿ ದೇಶದ ಅಧ್ಯಕ್ಷನ ಎದುರು ಟೆಕ್ಸಾಸಿನ ಜೈಲಿನಲ್ಲಿ ಕುಳಿತಿದ್ದ ಕೈದಿಯೊಬ್ಬನಿಗೆ ನೂರಕ್ಕೆ 41 ಮತ ಬಿತ್ತು. ನಗಬೇಕೋ ಅಳಬೇಕೋ! ಆದರೆ ಬಣ್ಣವೊಂದೇ ಕಾರಣವಾದರೆ 2008ರಲ್ಲಿ ಅದೇ ಕೌಂಟಿ ಅದೇ ಬಣ್ಣದವನಿಗೆ 53 ಕೊಟ್ಟದ್ದು ಹೇಗೆ? ನಾಲ್ಕು ವರ್ಷದಲ್ಲಿ ಅವನ ಬಣ್ಣವೇನೂ ಬದಲಾಗಲಿಲ್ಲ. ಬದಲಾದದ್ದು ಬೇರೆ. 2008ರಲ್ಲಿ ಗಣಿ ಸಂಘ ಒಬಾಮನನ್ನು ಬೆಂಬಲಿಸಿತ್ತು. 2012ರಲ್ಲಿ ಯಾರನ್ನೂ ಬೆಂಬಲಿಸಲಿಲ್ಲ, 2016ರಲ್ಲೂ ಇಲ್ಲ. ಇತ್ತ ಇದ್ದಿಲಿನ ಹೊಗೆಗೆ ಕಡಿವಾಣ ಹಾಕುವ ನಿಯಮಗಳು. ಅತ್ತ ನೆಲ ಸೀಳಿ ತೆಗೆದ ಅಗ್ಗದ ಅನಿಲ ಬಂದು ಇದ್ದಿಲಿನ ಗಿರಾಕಿಯನ್ನು ಕಸಿದದ್ದು. ಎರಡನೆಯದೇ ದೊಡ್ಡ ಹೊಡೆತ. ಆದರೆ ಅನಿಲದ ಮೇಲೆ ಕೋಪ ತೀರಿಸಿಕೊಳ್ಳಲು ಮತಪತ್ರದಲ್ಲಿ ಅದರ ಹೆಸರಿರುವುದಿಲ್ಲ. ಗಣಿಯ ಧಣಿಗಳು “ಸರಕಾರ ಇದ್ದಿಲಿನ ಮೇಲೆ ಯುದ್ಧ ಸಾರಿದೆ” ಎಂದು ಊರೂರಿಗೆ ಹಲಗೆ ನೆಟ್ಟರು. ಅದಕ್ಕೆ ಮನೆಬಾಗಿಲಿಗೆ ಹೋಗಿ ಉತ್ತರ ಹೇಳಲು ಸಂಘದ ಕೋಣೆಯಲ್ಲಿ ಯಾರಿದ್ದರು? ಕೋಣೆಯೇ ಇರಲಿಲ್ಲವಲ್ಲ!

2016ರ ಮೇ ತಿಂಗಳಲ್ಲಿ ಪಕ್ಷದೊಳಗಿನ ಚುನಾವಣೆ ನಡೆದಾಗ ಆ ರಾಜ್ಯದ 55 ಕೌಂಟಿಗಳಲ್ಲೂ ಗೆದ್ದವನು ಸ್ಯಾಂಡರ್ಸ್. ತನ್ನನ್ನು ಸಮಾಜವಾದಿಯೆಂದು ಕರೆದುಕೊಳ್ಳುವವನು, ಎಲ್ಲರಿಗೂ ಸರಕಾರಿ ವೈದ್ಯ ಬೇಕೆನ್ನುವವನು. ಅವನಿಗೆ ಮತ ಹಾಕಿದ ಕೌಂಟಿಯಲ್ಲೇ ನವೆಂಬರಿನಲ್ಲಿ ಟ್ರಂಪ್ ಗೆದ್ದ. ಹೆಡ್ಡರೆಂದು ಕೂಗುವವರು ಈ ಮಾತಿಗೆ ಏನನ್ನುತ್ತಾರೋ ಕೇಳಬೇಕು. ನಡುವೆ ನಿಂತಿದ್ದ ಹಿಲರಿ ಕ್ಲಿಂಟನ್ ಮಾರ್ಚಿಯಲ್ಲಿ ಒಂದು ಸಭೆಯಲ್ಲಿ, ನಾವು ಬಹಳ ಜನ ಗಣಿಯವರನ್ನೂ ಗಣಿ ಕಂಪನಿಗಳನ್ನೂ ಧಂದೆಯಿಂದ ಹೊರಗೆ ಹಾಕಲಿದ್ದೇವೆ ಎಂಬ ಅರ್ಥದ ಮಾತಾಡಿದರು. ಆ ಜನಕ್ಕೆ ಬೇರೆ ಕೆಲಸ ತರುತ್ತೇವೆ ಎಂಬುದು ಅವರ ಮಾತಿನ ಪೂರ್ತಿ ತಾತ್ಪರ್ಯ. ನ್ಯಾಯಕ್ಕಾಗಿ ಅದನ್ನೂ ಹೇಳಬೇಕು. ಆದರೆ ಕೆಲಸ ಹೋಗುತ್ತದೆ ಎಂಬ ಅರ್ಧ ನಿಜವಾಗುವುದನ್ನು ಆ ಜನ ಐವತ್ತು ವರ್ಷ ಕಂಡಿದ್ದರು. ಬೇರೆ ಕೆಲಸ ಬರುತ್ತದೆ ಎಂಬ ಅರ್ಧವನ್ನು ಒಮ್ಮೆಯೂ ಕಂಡಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಕಿಂಬಲ್ ಊರಿನ ವಾಲ್‌ಮಾರ್ಟ್ ದೊಡ್ಡಂಗಡಿಯೂ ಬಾಗಿಲು ಹಾಕಿತ್ತು. ಇಂಥ ಹೊತ್ತಿನಲ್ಲಿ ಒಬ್ಬ ಬಂದು ಗಣಿಯವರ ಶಿರಸ್ತ್ರಾಣ ತಲೆಗಿಟ್ಟುಕೊಂಡು, ಇದ್ದಿಲು ಮರಳಿ ಬರುತ್ತದೆ ಎಂದ. ಸುಳ್ಳೋ ನಿಜವೋ, ಅವರ ಕಸುಬಿನ ಹೆಸರನ್ನು ಗೌರವದಿಂದ ಎತ್ತಿದವನು ಅವನೊಬ್ಬನೇ ಎನಿಸಿತು.

ಅದು ಸುಳ್ಳೇ ಆಯಿತು. 2017ರಲ್ಲಿ ಅವನು ಬಂದಾಗ ದೇಶದಲ್ಲಿದ್ದ ಗಣಿ ಕೆಲಸಕ್ಕಿಂತ 2021ರಲ್ಲಿ ಹೋಗುವಾಗ ಇದ್ದ ಕೆಲಸ ಕಡಿಮೆ. 2020ರ ಜನಗಣತಿಯಲ್ಲಿ ಮ್ಯಾಕ್‌ಡೊವೆಲ್ಲಿನಲ್ಲಿ ಉಳಿದವರು 19,111. 1950ರ ಐದರಲ್ಲೊಂದು ಪಾಲೂ ಅಲ್ಲ. ಕೋಟ್ಯಧೀಶನ ಪರವಾಗಿ ವಕಾಲತ್ತು ಮಾಡಲು ನಾವು ಈ ಲೇಖನ ಬರೆಯಲಿಲ್ಲ. ಅವನು ಧಣಿಗಳ ಕಡೆಯವನು, ತೆರಿಗೆಯಲ್ಲಿ ಧಣಿಗಳಿಗೆ ಲಾಭ ಮಾಡಿಕೊಟ್ಟವನು. ನಾವು ಹೇಳುವುದು, ಆ ಮತ ಹೋದ ದಾರಿಯನ್ನು ನೋಡಿರಿ ಎಂದು. ಇನ್ನೊಂದು ಅಂಕಿಯನ್ನು ಪಂಡಿತರು ಎಂದೂ ಹೇಳುವುದಿಲ್ಲ: 2016ರಲ್ಲಿ ಆ ಕೌಂಟಿಯಲ್ಲಿ ಬಿದ್ದ ಒಟ್ಟು ಮತ ಆರು ಸಾವಿರ ಚಿಲ್ಲರೆ. ವಯಸ್ಸಿಗೆ ಬಂದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಮತಗಟ್ಟೆಯ ಕಡೆಗೆ ತಲೆ ಹಾಕಲಿಲ್ಲ. ಅಲ್ಲಿಯ ದೊಡ್ಡ ಪಕ್ಷ ಟ್ರಂಪನದಲ್ಲ, ಮನೆಯಲ್ಲೇ ಕುಳಿತವರದು.

ಗಣಿಯಿದ್ದಲ್ಲಿ ಮಾತ್ರ ಹೀಗೆಂದು ತಿಳಿಯಬೇಡಿ. ನೆರೆಯ ಕೆಂಟಕಿಯ ಎಲಿಯಟ್ ಎಂಬ ಸಣ್ಣ ಕೌಂಟಿ ಹೊಗೆಸೊಪ್ಪು ಬೆಳೆಯುವ ರೈತರದು. 1869ರಲ್ಲಿ ಹುಟ್ಟಿದ ಅದು 2012ರವರೆಗೆ ಒಂದು ಅಧ್ಯಕ್ಷ ಚುನಾವಣೆಯಲ್ಲೂ ಡೆಮಾಕ್ರಾಟಿಕ್ ಪಕ್ಷದ ಕೈ ಬಿಡಲಿಲ್ಲ. 2008ರಲ್ಲಿ ಒಬಾಮನಿಗೆ ನೂರಕ್ಕೆ 61 ಕೊಟ್ಟಿತು, 2012ರಲ್ಲಿ 49 ಕೊಟ್ಟು ಕೂದಲೆಳೆಯಲ್ಲಿ ಗೆಲ್ಲಿಸಿತು; 2016ರಲ್ಲಿ ಟ್ರಂಪ್‌ಗೆ 70! ರೂಸ್ವೆಲ್ಟರ ಕಾಲದಲ್ಲಿ ಹೊಗೆಸೊಪ್ಪಿಗೆ ಬೆಳೆಯ ಪಾಲು ಗೊತ್ತುಮಾಡಿ ಬೆಲೆ ಕಾಯುವ ಕಟ್ಟಳೆ ಬಂದಿತ್ತು. ಸಣ್ಣ ಹಿಡುವಳಿಯವನು ಬದುಕಿದ್ದು ಅದರಿಂದ. 2004ರಲ್ಲಿ ಕಾನೂನು ಮಾಡಿ ಅದನ್ನು ಎತ್ತಿದರು. ಹೊಸೆದ ಹಗ್ಗ ಕಡಿದ ಮೇಲೆ ದನ ಗೂಟದ ಹತ್ತಿರವೇ ನಿಲ್ಲಲಿ ಎಂದರೆ ನಿಂತೀತೆ?

ನಮ್ಮ ಮುಂಬಯಿಯವರಿಗೆ ಇದೆಲ್ಲ ಹೊಸತೆ? ಪರೇಲು, ಲಾಲಬಾಗ್‌ಗಳ ಗಿರಣಿ ಸೀಮೆ ಕೆಂಬಾವುಟದ ಊರಾಗಿತ್ತು. ಅಲ್ಲಿಯ ಕಮ್ಯುನಿಸ್ಟ್ ಶಾಸಕ ಕೃಷ್ಣಾ ದೇಸಾಯಿಯವರ ಕೊಲೆ 1970ರ ಜೂನಿನಲ್ಲಿ ಆಯಿತು. ಅದೇ ವರ್ಷದ ಉಪಚುನಾವಣೆಯಲ್ಲಿ ಆ ಸ್ಥಾನ ಶಿವಸೇನೆಗೆ ಹೋಯಿತು. 1960ರ ದಶಕದ ಕೊನೆಗೆ ಉಡುಪಿ ಹೋಟೆಲ್ಲುಗಳಿಗೆ ಕಲ್ಲು ಬಿದ್ದದ್ದನ್ನು ಕಂಡ ಹಿರಿಯರು ನಮ್ಮಲ್ಲಿ ಈಗಲೂ ಇದ್ದಾರೆ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ದತ್ತಾ ಸಾಮಂತರ ಮುಂದಾಳ್ತನದಲ್ಲಿ ಕೆಲಸ ಬಿಟ್ಟರು. 1984ರ ಕೊನೆಗೆ, ಇಂದಿರಾ ಹತ್ಯೆಯ ಮರುಕದ ಅಲೆಯಲ್ಲೂ, ಅದೇ ಸೀಮೆ ಸಾಮಂತರನ್ನು ಲೋಕಸಭೆಗೆ ಕಳುಹಿಸಿತು. ಗಿರಣಿ ಮುಚ್ಚಿತು, ಖಾನಾವಳಿ ಮುಚ್ಚಿತು, ಸಂಘದ ಕಚೇರಿಯಲ್ಲಿ ಧೂಳು ಬಿತ್ತು. ರಾತ್ರಿ ಹನ್ನೆರಡಕ್ಕೆ ಹೆರಿಗೆ ನೋವೆಂದರೆ ವಾಹನ ತರಿಸಿಕೊಡುವವರು ಯಾರೆಂದು ಚಾಳಿನವರು ನೋಡಿದರು. ಶಾಖೆಯ ಬಾಗಿಲು ತೆರೆದಿತ್ತು. 1985ರಲ್ಲಿ ನಗರಪಾಲಿಕೆ ಶಿವಸೇನೆಯದಾಯಿತು. ಆ ಚಾಳಿನವರೆಲ್ಲ ಒಂದೇ ರಾತ್ರಿಯಲ್ಲಿ ಹೆಡ್ಡರಾದರೆ? ಗಿರಣಿಯ ಜಾಗದಲ್ಲಿ ಗೋಪುರಗಳೆದ್ದು, ಮನೆಯ ಅರ್ಜಿ ಹಿಡಿದು ಮುದುಕರಾದವರ ಹತ್ತಿರ ಹೋಗಿ ಆ ಮಾತು ಹೇಳುವ ಧೈರ್ಯ ಪಂಡಿತರಿಗಿದೆಯೆ?

ಈಗ ನಮ್ಮ ಮನೆಯ ಮಾತಿಗೆ ಬರುತ್ತೇವೆ. ನಮ್ಮ ಸಂಘದ ಆಡಳಿತ ಸಮಿತಿಯ ಮುಂದೆ ಎರಡು ಸೂಚನೆಗಳು ಬಂದಿವೆ. ಮಂಗಳವಾರ, ಶುಕ್ರವಾರ ರಾತ್ರಿ ಹೋಟೆಲ್ಲುಗಳ ಬಾಗಿಲು ಹಾಕಿದ ಮೇಲೆ ತೆರೆಯುವ ಸಹಾಯ ಕೋಣೆಯನ್ನು ಖರ್ಚು ಹೆಚ್ಚೆಂದು ನಿಲ್ಲಿಸುವುದು ಒಂದು. ಅದೇ ಕೋಣೆಯನ್ನು ಚುನಾವಣೆ ಮುಗಿಯುವವರೆಗೆ ಒಬ್ಬ ಉಮೇದುವಾರರ ಕಡೆಯವರಿಗೆ ಬಿಟ್ಟುಕೊಟ್ಟು, “ಸಮಸ್ತ ಕನ್ನಡಿಗರ ಮತ ಇವರಿಗೇ” ಎಂದು ಸಂಘದ ಹೆಸರಿನಲ್ಲಿ ವಿನಂತಿಪತ್ರ ಅಚ್ಚು ಹಾಕಿಸುವುದು ಇನ್ನೊಂದು. ನಾವು ಮೊದಲು ಹೇಳಿದ ಬುದ್ಧಿವಂತರು ಇವರೇ. ಕಟ್ಟಿನ ಬೆಲೆ ಒಂದು ಸಭಾಭವನದ ಆಶ್ವಾಸನೆಯಂತೆ! ವಾರ್ಡಿನಲ್ಲಿ ಇಷ್ಟು ಸಾವಿರ ಕನ್ನಡ ಮತ ನಮ್ಮ ಕೈಯಲ್ಲಿದೆ ಎಂದು ಎಣಿಸಿಕೊಟ್ಟವರನ್ನು ನಾವು ಕೇಳುತ್ತೇವೆ: ಯಾರ ಕೈಯಲ್ಲಿ ಸ್ವಾಮೀ? ಲೂಯಿಸನ ಕೈಯಲ್ಲೇ ನಿಲ್ಲದ್ದು ನಿಮ್ಮ ಕೈಯಲ್ಲಿ ನಿಲ್ಲುತ್ತದೆಯೆ? ಮಾಣಿಯೊಬ್ಬನ ಪಿ.ಎಫ್. ಕಾಗದ ತುಂಬಿಸಿಕೊಡಲು ನಿಮಗೆ ಪುರುಸೊತ್ತಿಲ್ಲ, ಅವನ ಮತ ಎಣಿಸಲು ಮಾತ್ರ ಪುರುಸೊತ್ತು!

ಖರ್ಚೆಂದರೆ ಏನು ಖರ್ಚು? ಒಂದು ದೀಪ, ಒಂದು ಮೇಜು, ಟಪಾಲಿನ ಹಣ. ಬರೆಯುವವರು ಸಂಬಳ ಕೇಳುತ್ತಿಲ್ಲ. ಆ ಕೋಣೆಗೆ ಬರುವವರು ಈಗ ಕನ್ನಡಿಗರಷ್ಟೇ ಅಲ್ಲ. ನಮ್ಮ ಜೊತೆ ಮೋರಿಯಲ್ಲಿ ಪಾತ್ರೆ ತೊಳೆಯುವ ಒರಿಸ್ಸಾದ, ಉತ್ತರಪ್ರದೇಶದ, ನೇಪಾಳದ ಹುಡುಗರೂ ಬರುತ್ತಾರೆ. ಇದಕ್ಕೂ ಸಮಿತಿಯ ಕೆಲವರ ಆಕ್ಷೇಪಣೆಯಿದೆಯಂತೆ, ಅವರಿಗೆ ಇಲ್ಲಿ ಮತವಿಲ್ಲವಲ್ಲ ಎಂದು. ಸುಟ್ಟ ಕೈಗೆ ಪರಿಹಾರ ಕೇಳಲು ಮತದಾರರ ಪಟ್ಟಿ ನೋಡಬೇಕೆ?

ಯಾವ ಸದಸ್ಯನೂ ತನಗೆ ಬೇಕಾದ ಪಕ್ಷಕ್ಕೆ ಮತ ಹಾಕಬಾರದೆಂದು ನಾವೆಲ್ಲಿ ಹೇಳಿದೆವು? ಹಾಕಲಿ, ಪ್ರಚಾರವನ್ನೂ ಮಾಡಲಿ, ತನ್ನ ಹೆಸರಿನಲ್ಲಿ ಮಾಡಲಿ. ಸಂಘದ ಮೊಹರು ಅದಕ್ಕಲ್ಲ.

ಈ ಎರಡು ಸೂಚನೆಗಳೂ ಬರುವ ಮಹಾಸಭೆಯಲ್ಲಿ ಮತಕ್ಕೆ ಬರುತ್ತವೆ. ಎರಡನ್ನೂ ನಾವು ವಿರೋಧಿಸುತ್ತೇವೆ, ಕೋಣೆಯನ್ನು ವಾರಕ್ಕೆ ಮೂರು ರಾತ್ರಿ ತೆರೆಯಬೇಕೆಂದು ತಿದ್ದುಪಡಿ ತರುತ್ತೇವೆ. ಸಭೆಯನ್ನು ಬೇಕೆಂದೇ ಮಧ್ಯಾಹ್ನ ಊಟದ ಹೊತ್ತಿಗೆ, ಹೋಟೆಲ್ಲಿನಲ್ಲಿ ಗಿರಾಕಿ ತುಂಬುವ ವೇಳೆಗೆ ಇಟ್ಟಿದ್ದಾರೆ. ಪಾಳಿ ಬದಲಾಯಿಸಿಕೊಂಡು ಬನ್ನಿ. ಬಿಡುವಿಲ್ಲದವರು ಜೊತೆಯವನನ್ನಾದರೂ ಕಳುಹಿಸಿ. ಈ ವರ್ಷದ ವಂತಿಗೆಯ ರಸೀದಿ ಮರೆಯದೆ ತನ್ನಿ, ಅದಿಲ್ಲದವರಿಗೆ ಬಾಗಿಲಲ್ಲೇ ತಡೆಯೊಡ್ಡುವ ಏರ್ಪಾಡು ನಡೆದಿದೆ. ವಂತಿಗೆ ಬಾಕಿಯಿದ್ದವರು ಶುಕ್ರವಾರ ರಾತ್ರಿ ಹತ್ತೂವರೆಯ ಮೇಲೆ ಸಹಾಯ ಕೋಣೆಗೆ ಬಂದರೆ ಅಲ್ಲಿಯೇ ಕಟ್ಟಿ ರಸೀದಿ ಪಡೆಯಬಹುದು.